ಫಕೀರಪ್ಪಣ್ಣ ತಿಕ್ಕಿದ ಪ್ಲೇಟು

ಓದಿ ಸಿಟ್ಟು ಬಂದರೆ ಬರಲಿ... ನನಗಂತೂ ಇನ್ನೂ ಇಳಿದಿಲ್ಲ.

ಹುಬ್ಬಳ್ಳಿ ಹತ್ತಿರದ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿ ನನ್ನ ಕೆಲಸ. ಹಡಗು ಕಟ್ಟುವವರಿಗೆ ಉಕ್ಕು ಮತ್ತು ಅಲ್ಯೂಮಿನಿಯಂ ಬೆಸೆದ ಪ್ಲೇಟ್ ಮಾಡಿಕೊಡುತ್ತೇವೆ.

ಇವೆರಡನ್ನು ಬೆಂಕಿಯಲ್ಲಿ ಬೆಸೆಯಲು ಹೋದರೆ ಕೆಟ್ಟಿತು... ಅಲ್ಯೂಮಿನಿಯಂ ಕರಗಿ ನೀರಾದರೂ ಉಕ್ಕು ಜಗ್ಗುವುದಿಲ್ಲ.

ಅದಕ್ಕೇ ಹಳೆಯ ಕ್ವಾರಿಯಲ್ಲಿ ಉಕ್ಕಿನ ಮೇಲೆ ಸ್ವಲ್ಪ ಸಂದು ಬಿಟ್ಟು ಅಲ್ಯೂಮಿನಿಯಂ ಇಟ್ಟು, ಅದರ ಮೇಲೆ ಸಿಡಿಮದ್ದು ಹರಡಿ ಸಿಡಿಸುತ್ತೇವೆ. ಕಣ್ಣು ಮಿಟುಕಿಸುವುದರೊಳಗೆ ಒಂದಕ್ಕೊಂದು ಅಪ್ಪಳಿಸಿ ಕೂಡಿಕೊಳ್ಳುತ್ತವೆ.

ಸಿಡಿಸುವ ಮೊದಲು ಪ್ಲೇಟುಗಳನ್ನು ತಿಕ್ಕಿ ಸ್ವಚ್ಛ ಮಾಡುವವರು ಫಕೀರಪ್ಪಣ್ಣ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ಬೆಸುಗೆಯ ಅಂಚಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ನೋಡುವುದು ನಮ್ಮ ಪದ್ಧತಿ. ಕಳೆದ ತಿಂಗಳು ಒಂದು ಪ್ಲೇಟ್ ಹಾಗೆ ಹೊಡೆದಾಗ ಬಿಟ್ಟುಕೊಂಡಿತು.

"ಮದ್ದು ಹೆಚ್ಚು ಹಾಕ್ರಿ!" ಎಂದರು ಮಾಲೀಕರು.

ಎರಡನೆಯದೂ ಬಿಟ್ಟಿತು. "ಇನ್ನೂ ಹಾಕ್ರಿ!"

ಮೂರನೆಯದು ಎರಡೇ ಏಟಿಗೆ ಬೇರೆಯಾಯಿತು.

ಆಗ ಯಾರ್ಡಿನಲ್ಲಿ, ನಲವತ್ತು ಜನರ ಮುಂದೆ, ಮಾಲೀಕರು ಫಕೀರಪ್ಪಣ್ಣನ ಮೇಲೆ ಹರಿಹಾಯ್ದರು...

"ಹೊಲಸು ಕೈ ನಿಂದು! ಇಷ್ಟ್ ವರ್ಷ ಪಗಾರ ತಿಂದು ಪ್ಲೇಟ್ ತಿಕ್ಕಾಕ ಬರೂದಿಲ್ಲೇನಲೇ? ನಾಳಿಂದ ಗೇಟಿನೊಳಗ ಕಾಲಿಡಬ್ಯಾಡ!"

"ಕನ್ನಡಿಯಂಗ ತಿಕ್ಕೇನ್ರೀ ಸಾಹೇಬ್ರ..." ಎಂದರು ಫಕೀರಪ್ಪಣ್ಣ. ಅಷ್ಟೇ. ಒಬ್ಬರೂ ಅವರ ಪರವಾಗಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ... ನನ್ನ ಮೈಯೆಲ್ಲ ಉರಿಯಿತು.

ನೇರ ಲ್ಯಾಬಿಗೆ ಹೋಗಿ, ಆ ಪ್ಲೇಟಿನ ತುಂಡನ್ನು ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ.

ಒಳ್ಳೆಯ ಬೆಸುಗೆಯಲ್ಲಿ ಎರಡು ಲೋಹಗಳ ನಡುವೆ ಸಣ್ಣ ಅಲೆಗಳು ಕಾಣುತ್ತವೆ. ಇಲ್ಲಿದ್ದದ್ದು ಕಪ್ಪು ಪದರ, ಅದರ ತುಂಬಾ ಬಿರುಕು. ಕೊಳೆಯ ಸುಳಿವೇ ಇರಲಿಲ್ಲ.

ತುಂಡನ್ನು ತಂದು ಮಾಲೀಕರ ಟೇಬಲ್ ಮೇಲೆ ಕುಕ್ಕಿದೆ.

"ಸರ್, ಈ ಸಲ ನೀವು ತರಿಸಿದ ಅಲ್ಯೂಮಿನಿಯಂ ಗಟ್ಟಿ ಜಾತೀದು. ಮೊದಲಿಂದು ಮೆತ್ತಗಿತ್ತು, ಏಟು ಬಿದ್ರ ಬಾಗಿ ಕೂಡತಿತ್ತು. ಇದು ಅಷ್ಟು ಸುಲಭ ಬಾಗಂಗಿಲ್ಲ. ನೀವು ಏಟು ಹೆಚ್ಚು ಮಾಡಿದಂಗ ಸಂದಿನ್ಯಾಗ ಕಾವು ಹೆಚ್ಚಾಗಿ, ಕರಗಿ, ಗಾಜಿನಂಗ ಪೆಡಸಾಗೇತಿ. ಅವರ ಕೈ ಹೊಲಸಲ್ರೀ... ನಿಮ್ಮ ಹುಕುಂ ತಪ್ಪು!"

"ನೀವೂ ಹೊರಗ ಹೋಗ್ತೀರೇನು?"

"ಹೋಗ್ತೀನ್ರಿ. ಒಂದ ಒಂದು ಪ್ಲೇಟ್ ಕೊಡ್ರಿ. ಫಕೀರಪ್ಪಣ್ಣನೇ ತಿಕ್ಕಬೇಕು. ಅದೂ ಬಿಟ್ರ ಇಬ್ಬರೂ ಕೂಡೇ ಹೋಗ್ತೀವಿ."

ಹಡಗಿನವರ ಆರ್ಡರ್ ಕೈತಪ್ಪುವ ಭಯ ಅವರಿಗೂ ಇತ್ತು... ಒಪ್ಪಿದರು.

ಮರುದಿನ ಫಕೀರಪ್ಪಣ್ಣ ಬಂದರು. ಅದೇ ಬ್ರಷ್, ಅದೇ ಕೈ. ಮದ್ದು ಕಡಿಮೆ ಮಾಡಿದೆವು. ಉಕ್ಕು ಮತ್ತು ಆ ಗಟ್ಟಿ ಅಲ್ಯೂಮಿನಿಯಂ ನಡುವೆ ಮೆತ್ತಗಿನ ಶುದ್ಧ ಅಲ್ಯೂಮಿನಿಯಂನ ತೆಳು ಹಾಳೆ ಇಟ್ಟು ಸಿಡಿಸಿದೆವು.

ಉಳಿ ಇಟ್ಟು ಹನ್ನೆರಡು ಏಟು ಹೊಡೆದೆವು. ಮೆತ್ತಗಿನ ಹಾಳೆಯೇ ಹರಿದುಹೋಯಿತು... ಬೆಸುಗೆ ಮಾತ್ರ ಬಿಡಲಿಲ್ಲ.

ಮಾಲೀಕರು ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಕೊಂಡರು.

"ತಪ್ಪಾತು ಫಕೀರಪ್ಪ... ಮನಸ್ಸಿಗೆ ಹಚ್ಕೋಬ್ಯಾಡ. ನಾಳಿಂದ ಕೆಲಸಕ್ಕ ಬಾ."

ಫಕೀರಪ್ಪಣ್ಣ ಕುರ್ಚಿಯಲ್ಲಿ ಕೂರಲಿಲ್ಲ.

"ಬೈದದ್ದು ಯಾರ್ಡಿನ್ಯಾಗ್ರೀ ಸಾಹೇಬ್ರ... ನೀವು ಬಾಗಲಾ ಹಾಕ್ಕೊಂಡು ತಪ್ಪಾತು ಅಂದ್ರ, ಹೊರಗ ನಿಂತ ಮಂದಿಗೆ ನನ್ನ ಕೈ ಇನ್ನೂ ಹೊಲಸ ಅಲ್ರೀ? ನನ್ನ ಮಗಳ ಗಂಡನೂ ಅವರೊಳಗ ನಿಂತಿದ್ದ."

ಮಾಲೀಕರು ತಲೆ ತಗ್ಗಿಸಿದರು.

ಆಮೇಲೆ ಎದ್ದು ಬಾಗಿಲು ತೆಗೆದರು. ಯಾರ್ಡಿಗೆ ಹೋಗಿ ಎಲ್ಲರನ್ನೂ ಕರೆದು, ಫಕೀರಪ್ಪಣ್ಣನ ಎರಡೂ ಕೈ ಹಿಡಿದುಕೊಂಡರು.

"ಈ ಕೈಯಾಗ ಏನೂ ತಪ್ಪಿರಲಿಲ್ಲ. ಮೂರೂ ಪ್ಲೇಟ್ ಕೆಡಿಸಿದಾಂವ ನಾನು."

ಬೈಸಿಕೊಳ್ಳುವಾಗ ಒಂದು ಹನಿ ಕಣ್ಣೀರು ಹಾಕದಿದ್ದ ಫಕೀರಪ್ಪಣ್ಣ ಆಗ ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ತುಂಬಿತು... ಸಿಟ್ಟು ಮಾತ್ರ ಇಳಿಯಲಿಲ್ಲ. ಅಂದು ಸುಮ್ಮನೆ ನಿಂತಿದ್ದ ನಲವತ್ತು ಜನರಲ್ಲಿ ನಾನೂ ಒಬ್ಬಳಲ್ಲವೇ?

*ಹತ್ತು ಜನರ ಮುಂದೆ ಮಾಡಿದ ಅವಮಾನ, ಬಾಗಿಲು ಹಾಕಿಕೊಂಡು ಕೇಳಿದ ಕ್ಷಮೆಯಿಂದ ತೊಳೆದುಹೋಗುವುದಿಲ್ಲ.*

ನೀವು ಕೊನೆಯ ಸಲ ಎಲ್ಲರ ಮುಂದೆ ಬೈದದ್ದು ಯಾರಿಗೆ...? ಕ್ಷಮೆ ಕೇಳಿದ್ದು ಎಲ್ಲಿ ನಿಂತು?