ಊದುಬತ್ತಿ ಆರುವ ಮೊದಲು

ಈ ಮುದುಕ ತನ್ನ ಅನ್ನಕ್ಕೆ ಕಲ್ಲು ಹಾಕುತ್ತಾನೆ ಎಂದು ಗೈಡ್ ಖ್ವಾತ್‌ಗೆ ದೋಣಿಯಲ್ಲೇ ಗುಮಾನಿ ಬಂತು. ಸೈಗಾನಿನಿಂದ ಬಂದ ಹನ್ನೊಂದು ಪ್ರವಾಸಿಗರಲ್ಲಿ ಹತ್ತು ಮಂದಿ ಕುರಿಗಳಂತೆ ಅವನು ಬೆರಳು ತೋರಿದತ್ತ ಕತ್ತು ತಿರುಗಿಸುತ್ತಿದ್ದರು. ಸುಣ್ಣಕಲ್ಲಿನ ಗುಡ್ಡಕ್ಕೂ ಆಹಾ, ಕಾಲಿನಲ್ಲೇ ಹುಟ್ಟು ಹಾಕುವ ಹೆಂಗಸರಿಗೂ ಆಹಾ. ಹನ್ನೊಂದನೆಯವನು ಈ ಮುದುಕ, ಥುಯೆನ್. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೆಮ್ಮು ಎಂದು ಗಲ್ಲದ ಕೆಳಗಿನವರೆಗೆ ಮಾಸ್ಕ್.

"ಇದು ರಾಜಕುಮಾರಿ ಗುಡ್ಡ ಯಾವಾಗ ಆಯ್ತಪ್ಪ? ಹೋದ ಸಲ ಬಂದಾಗ ಆಮೆ ಗುಡ್ಡ ಅಂತಿದ್ರು."

ಎಲ್ಲರೂ ನಕ್ಕರು. ಖ್ವಾತ್ ಕೂಡ ಹಲ್ಲು ಕಿರಿದ. ಹಿಂದಿನ ವಾರದ ತಂಡ ಅವನ ಮೇಲೆ ದೂರು ಕೊಟ್ಟಿತ್ತು. ಇನ್ನೊಂದು ಬಂದರೆ ಕಡಲೆಕಾಯಿ ಮಾರಲು ಹೋಗು ಎಂದು ಟೂರ್ ಕಂಪನಿಯ ಯಜಮಾನಿ ಹೇಳಿಯಾಗಿತ್ತು.

ಆದರೆ ಅವನ ಬತ್ತಳಿಕೆಯಲ್ಲಿ ಬ್ರಹ್ಮಾಸ್ತ್ರವೊಂದಿತ್ತು: ತಾತನ ತಿಥಿ. ಪ್ರವಾಸಿಗರ ಪುಣ್ಯ ನೋಡಿ, ಅದು ಅಂದೇ ಬಿದ್ದಿತ್ತು.

"ನೀವೇನು ಹೊರಗಿನವರಾ? ನಮ್ಮನೆಯವರೇ. ಬನ್ನಿ, ತಾತನಿಗೆ ಒಂದು ಊದುಬತ್ತಿ ಹಚ್ಚಿ."

ಹಳ್ಳಿಯ ಹಂಚಿನ ಮನೆ. ಬಾಗಿಲಲ್ಲಿ ಆಕಳಿಸುತ್ತಿದ್ದ ಅವನ ಅಕ್ಕ ಮಿಯೆನ್ ತಂಡ ಕಂಡೊಡನೆ ಕಣ್ಣು ಒರೆಸಿಕೊಂಡಳು. ಒಳಗೆ ಪೂಜೆಯ ಪೀಠದ ಮೇಲೆ ಇಡೀ ಬೇಯಿಸಿದ ಕೋಳಿ, ಕೆಂಪು ಅಂಟಕ್ಕಿ ಅನ್ನ, ಪುಟ್ಟ ಬಟ್ಟಲಲ್ಲಿ ಅಕ್ಕಿ ಸಾರಾಯಿ. ಅದರ ಹಿಂದೆ ರುಮಾಲು ಸುತ್ತಿದ ತಾತನ ಪಟ.

"ಎಲ್ಲ ಹಿರಿಯರ ಹಾಗೆ, ಅರವತ್ತು ತುಂಬಿದಾಗ ತಾವೇ ಹೋಗಿ, ಮುಂದೆ ತಿಥಿಗೆ ಬೇಕಾಗುತ್ತೆ ಅಂತ ತೆಗೆಸಿಟ್ಟ ಪಟ," ಎಂದ ಖ್ವಾತ್. "ಗಲ್ಲದ ಮೇಲಿನ ಮಚ್ಚೆ ನೋಡಿ, ಮೂರೇ ಕೂದಲು! ಕತ್ತರಿಸಿದ್ರೆ ಅದೃಷ್ಟ ಹೋಗುತ್ತೆ ಅಂತ ಸಾಯೋವರೆಗೂ ಮುಟ್ಟಲಿಲ್ಲ."

ಥುಯೆನ್ ಪಟದ ಮುಂದೆ ಬಹಳ ಹೊತ್ತು ನಿಂತ. "ಹೋಗಿ ಎಷ್ಟು ವರ್ಷ ಆಯ್ತು?"

"ಹನ್ನೆರಡು, ತಾತ. ನನ್ನ ತೊಡೆ ಮೇಲೇ ಪ್ರಾಣ ಬಿಟ್ರು." ದನಿ ಬೇಕಾದಷ್ಟೇ ನಡುಗಿತು.

"ತುಂಬಾ ನರಳಿದ್ರಾ?"

"ಇಲ್ಲ, ಹೂವೆತ್ತಿದ ಹಾಗೆ ಹೋದ್ರು."

"ಸದ್ಯ," ಎಂದು ಮುದುಕ ಎದೆ ನೀವಿಕೊಂಡ.

ಡಿಯೆಮ್ ಎಂಬ ದಪ್ಪ ಹೆಂಗಸು ಗಳಗಳನೆ ಅತ್ತಳು. ಖ್ವಾತ್‌ಗೆ ಹೋದ ಜೀವ ಬಂದಂತಾಯಿತು. ಅತ್ತವರು ದೂರು ಕೊಡುವುದಿಲ್ಲ, ಅದು ಅವನ ಅನುಭವ.

ಊದುಬತ್ತಿ ಹಚ್ಚಿ ಎಲ್ಲರೂ ಕೈಕಟ್ಟಿ ಕಾಯುತ್ತಿದ್ದರು. ಅಷ್ಟರಲ್ಲಿ ಥುಯೆನ್ ಕೈ ಚಾಚಿ, ಎಡೆಯ ಸಾರಾಯಿ ಬಟ್ಟಲನ್ನೂ ಕೋಳಿಯ ಕಾಲನ್ನೂ ಎತ್ತಿಕೊಂಡು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಖ್ವಾತ್‌ಗೆ ಇಂಥದ್ದೇ ಬೇಕಿತ್ತು. ಡಿಯೆಮ್ ಮೊಬೈಲ್ ಎತ್ತಿ ಚಿತ್ರೀಕರಿಸತೊಡಗಿದ್ದಳು. ಅವನು ಅವಳತ್ತ ತುಸು ತಿರುಗಿ ನಿಂತು ದನಿ ಏರಿಸಿದ.

"ಏನ್ ತಾತ, ದೊಡ್ಡ ಊರಲ್ಲಿ ಪದ್ಧತಿ ಎಲ್ಲ ಮರೆತೇ ಹೋಯ್ತಾ? ಊದುಬತ್ತಿ ಇನ್ನೂ ಅರ್ಧ ಉರಿದಿಲ್ಲ. ಸತ್ತವರು ಉಂಡ ಮೇಲೆ ಬದುಕಿರೋರ ಸರದಿ. ನಮ್ಮೂರಲ್ಲಿ ಹಾಲು ಕುಡಿಯೋ ಮಗೂಗೂ ಇದು ಗೊತ್ತು!"

ಹತ್ತು ಮಂದಿ ಲೊಚಗುಟ್ಟಿದರು.

"ನನಗೂ ಗೊತ್ತು, ಮಗ." ಥುಯೆನ್ ಕಪ್ಪು ಕನ್ನಡಕ ತೆಗೆದ. ತಿನ್ನಬೇಕಲ್ಲ, ಮಾಸ್ಕನ್ನೂ ಇಳಿಸಿದ. ಗಲ್ಲದ ಮೇಲೊಂದು ಮಚ್ಚೆ. ಮಚ್ಚೆಯಲ್ಲಿ ಮೂರು ಕೂದಲು, ಈಗ ಬೆಳ್ಳಗಾಗಿದ್ದವು. ಡಿಯೆಮ್‌ಳ ಮೊಬೈಲ್ ಪಟದಿಂದ ಅವನಿಗೆ, ಅವನಿಂದ ಪಟಕ್ಕೆ ಓಡಾಡಿತು.

"ಹನೋಯ್‌ನ ನಮ್ಮ ಮನೆ ಖಾಲಿ ಮಾಡಿ ಸೈಗಾನಿಗೆ ಹೋಗುವಾಗ ನನ್ನ ಈ ಪಟ ಗುಜರಿಯವನ ಗಾಡಿಗೆ ಹೋಗಿತ್ತು. ನೀನು ಕೊಂಡುಕೊಂಡೆ ಅಂತ ಕಾಣುತ್ತೆ," ಎಂದು ಮುದುಕ ಕೋಳಿಯ ಕಾಲು ಕಚ್ಚಿದ.

"ಪದ್ಧತಿ ಪ್ರಕಾರವೇ ಕೂತಿದ್ದೀನಪ್ಪ, ಮೊಮ್ಮಗನೇ. ಮೊದಲು ಸತ್ತವನು ಉಣ್ಣಬೇಕಲ್ವಾ?"