ಕೂಗದ ಹುಂಜ

ನರಸಿಂಹಪ್ಪ ಕೋಣೆಯ ಅಗುಳಿ ಹಾಕಿ, ಅಂಗಿ ಕಳಚಿ, ಕನ್ನಡಿಯ ಮುಂದೆ ಅಡ್ಡಡ್ಡ ತಿರುಗಿ ನಿಂತ. ಇನ್ನು ಸಂಶಯವೇ ಇರಲಿಲ್ಲ. ಎದೆ ಉಬ್ಬಿತ್ತು. ಪೈಲ್ವಾನರಿಗೆ ಉಬ್ಬುವ ಹಾಗಲ್ಲ, ಬಾಣಂತಿಯರಿಗೆ ಉಬ್ಬುವ ಹಾಗೆ. ಬೆರಳು ತಾಗಿದರೆ ನೋವು.

‘ಯಾರೋ ಮದ್ದು ಹಾಕಿದ್ದಾರೆ’ ಎಂದುಕೊಂಡ. ಅಂಗಿಯ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಹೊರಬಿದ್ದ. ಹೊರಗೆ ದಿಬ್ಬೂರಹಳ್ಳಿ ಕಡೆಯ ಬಿಸಿಲು. ನಾಯಿ ಕೂಡ ನೆರಳು ಬಿಟ್ಟು ಏಳದಂಥದ್ದು.

ಐವತ್ತು ದಾಟಿದ ಈ ಗೌಡನಿಗೆ ಎರಡನೇ ಮದುವೆಯ ಹುಕಿ ಬಂದಿತ್ತು. ಹೆಣ್ಣು ಅವನದೇ ಗೇಣಿದಾರ ಗಂಗುಲಪ್ಪನ ಮಗಳು ಶಾಂತಕುಮಾರಿ, ಅವನಿಗಿಂತ ಮೂವತ್ತು ವರ್ಷ ಚಿಕ್ಕವಳು. ಮೊದಲ ಹೆಂಡತಿ ವೆಂಕಟರತ್ನಮ್ಮ ಗಟ್ಟಿಮುಟ್ಟಾಗಿ ಮನೆಯಲ್ಲೇ ಇದ್ದಳು. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಕೂಡದೆಂಬ ಕಾನೂನು ದೆಹಲಿಯಲ್ಲಿ ಹುಟ್ಟಿ ಎರಡು ವರ್ಷವಾಗಿತ್ತು. ಅದಕ್ಕಿನ್ನೂ ಈ ಊರಿನ ಬಸ್ಸು ಸಿಕ್ಕಿರಲಿಲ್ಲ. ಇಲ್ಲಿ ನಡೆಯುತ್ತಿದ್ದ ಕಾನೂನು ಒಂದೇ: ಹೆಣ್ಣು ಕೊಡು, ಇಲ್ಲವೇ ಹೊಲ ಬಿಡು. ಗಂಗುಲಪ್ಪ ತಲೆ ತಗ್ಗಿಸಿ ಒಪ್ಪಿಕೊಂಡ. ಶಾಂತಕುಮಾರಿಯನ್ನು ಯಾರೂ ಕೇಳಲಿಲ್ಲ.

ಅವಳ ತಾಯಿ ಆಂಜಿನಮ್ಮ ಬೀದಿಗೆ ಬಿದ್ದು ಅಳುತ್ತಾಳೆಂದು ಊರು ಕಾದಿತ್ತು. ಅಳಲಿಲ್ಲ. ಬದಲಿಗೆ ವಾರ ವಾರ ಒಂದು ಹುಂಜ ಹಿಡಿದು ಗೌಡನ ಬಾಗಿಲಿಗೆ ಬರತೊಡಗಿದಳು. ಸರ್ಕಾರದವರು ಸಾಕಲು ಕೊಟ್ಟಿದ್ದ ತಳಿ, ಮೈತುಂಬ ಮಾಂಸ.

"ಅಲ್ಲುಡುಗಾರು ಚೆನ್ನಾಗಿ ತಿನ್ಬೇಕು" ಎಂದು ಆಗಲೇ ಅವನನ್ನು ತೆಲುಗಿನಲ್ಲಿ ಅಳಿಯನನ್ನಾಗಿ ಮಾಡಿಕೊಂಡಿದ್ದಳು. "ಕತ್ತು ಮಾತ್ರ ಯಾರ್ಗೂ ಕೊಡ್ಬೇಡಿ ಗೌಡ್ರೇ. ಸತ್ವ ಎಲ್ಲಾ ಅಲ್ಲೇ ಇರೋದು."

"ಅದನ್ನ ನಂಗೇ ಹೇಳ್ಕೊಡ್ತೀಯೇನಮ್ಮಿ? ನಮ್ಮಜ್ಜನ ಕಾಲದಿಂದ ಈ ಮನೇಲಿ ಕತ್ತು ಯಜಮಾನಂದೇ."

"ಗೊತ್ತು ಗೌಡ್ರೇ. ಗೊತ್ತಿದ್ದೇ ತಂದಿದ್ದು."

ಹುಂಜಗಳು ಒಂದೆರಡು ದಿನ ಹಿತ್ತಲಲ್ಲಿ ತೂಕಡಿಸಿ ಸಾರಿಗೆ ಸೇರುತ್ತಿದ್ದವು. ಒಂದೂ ಕೂಗುತ್ತಿರಲಿಲ್ಲ. "ನನ್ನ ಅಂಗಳದಲ್ಲಿ ಹುಂಜಾನೂ ಬಾಯಿ ಬಿಡಲ್ಲ ಕಣಯ್ಯ" ಎಂದು ನರಸಿಂಹಪ್ಪ ಮೀಸೆ ತಿರುವುತ್ತಿದ್ದ.

ಮೀಸೆಯೂ ಈಚೆಗೆ ದಪ್ಪವಾಗಿತ್ತು. ಮದುವೆಗೆ ಮೈ ಹದ ಮಾಡಿಕೊಳ್ಳಲು ಅವನು ಚಿಂತಾಮಣಿಯ ಡಾಕ್ಟರೊಬ್ಬರಲ್ಲಿ ಗಂಡಸುತನದ ಹಾರ್ಮೋನು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಕೂಗಿದರೆ ಕೆರೆಯಾಚೆಗೂ ಕೇಳುತ್ತಿತ್ತು. ಎಲ್ಲ ಸರಿ. ಈ ಎದೆಯೊಂದು ಬಿಟ್ಟು.

ಡಾಕ್ಟರು ಮುಟ್ಟಿ ನೋಡಿದರು. "ಈ ಸೂಜಿ ಹೆಚ್ಚಾದ್ರೆ ಕೆಲವರ ಮೈ ಮಿಕ್ಕಿದ್ದನ್ನ ಹೆಣ್ಣಿನ ಹಾರ್ಮೋನು ಮಾಡ್ಕೊಳ್ಳುತ್ತೆ ಗೌಡ್ರೇ. ಕಡಿಮೆ ಮಾಡಿ ನೋಡೋಣ."

ಕಡಿಮೆ ಮಾಡಿದರು. ದನಿ ಇಳಿಯಿತು, ಏದುಸಿರು ಹತ್ತಿತು, ಎದೆ ಇಳಿಯಲಿಲ್ಲ. ಮತ್ತೆ ಹೆಚ್ಚಿಸಿದರು. ದನಿ ಬಂತು, ಎದೆ ಇನ್ನೂ ಮುಂದೆ ಬಂತು.

"ಮೀಸೆ ಬೇಕು ಡಾಕ್ಟ್ರೇ, ಇದು ಬೇಡ."

"ಎರಡೂ ಒಂದೇ ಸೀಸೆಯಿಂದ ಬರ್ತಿದ್ರೆ ನಾನೇನ್ರೀ ಮಾಡ್ಲಿ?" ಡಾಕ್ಟರು ಕನ್ನಡಕ ತೆಗೆದರು. "ಆದ್ರೂ ಈ ಸೂಜಿಗೆ ಇಷ್ಟು ಊತ ಜಾಸ್ತಿ. ಬೇರೇನಾದ್ರೂ ತಗೋತಿದ್ದೀರಾ?"

"ಏನೂ ಇಲ್ಲ. ಮನೆ ಊಟ ಅಷ್ಟೇ."

ಮನೆ ಊಟ! ತನ್ನ ಮಾತೇ ಅವನನ್ನು ಕುಟುಕಿತು. ಸವತಿ ಬರುತ್ತಾಳೆಂದು ಗೊತ್ತಿದ್ದೂ ನಗುನಗುತ್ತಾ ಮಸಾಲೆ ಅರೆಯುವ ಹೆಂಗಸನ್ನು ನಂಬಿದ್ದೇ ತಪ್ಪು.

ಆ ಮಧ್ಯಾಹ್ನ ಅಡುಗೆಮನೆಗೇ ನುಗ್ಗಿದ. "ನೀನು ಮೊದ್ಲು ತಿನ್ನು. ನನ್ನೆದುರಿಗೆ."

ವೆಂಕಟರತ್ನಮ್ಮ ಬೆರಗಾದಳು. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬಿಸಿ ಮುದ್ದೆ, ಸಾರು, ತೊಡೆ, ರೆಕ್ಕೆ, ಎಲ್ಲ ಬಾರಿಸಿದಳು. ಕತ್ತಿನ ಕಡೆ ಕೈ ಹೋದಾಗ ಮಾತ್ರ ಅವನು ಗದರಿದ. ಅನುಮಾನ ಎಷ್ಟಿದ್ದರೇನು, ಹಕ್ಕು ಹಕ್ಕೇ.

"ಈ ಮನೇಗ್ ಬಂದ್ಮೇಲೆ ಬಿಸಿ ಮುದ್ದೆ ತಿಂದಿದ್ದು ಇವತ್ತೇ ನೋಡಿ" ಎಂದು ಅವಳು ಬೆರಳು ಚೀಪಿದಳು. "ನಾಳೇನೂ ಹಿಂಗೇ ಅನುಮಾನ ಪಡಿ."

ಅವಳಿಗೇನೂ ಆಗಲಿಲ್ಲ. ಕೆನ್ನೆ ತುಂಬಿಕೊಂಡಿತು, ಅಷ್ಟೇ. ಇತ್ತ ಮದುವೆ ಹತ್ತಿರವಾಯಿತು. ಮದುವೆಗಿಂತ ಮೊದಲು ಅರಿಶಿನದ ಶಾಸ್ತ್ರ. ಗಂಡು ಮೈ ಬಿಟ್ಟು ಹಸೆಮಣೆಯ ಮೇಲೆ ಕೂರಬೇಕು. ಊರ ಮುತ್ತೈದೆಯರು ಎದೆಗೂ ಬೆನ್ನಿಗೂ ಅರಿಶಿನ ತಿಕ್ಕಬೇಕು. ನೆನೆಸಿಕೊಂಡು ನರಸಿಂಹಪ್ಪ ಶಾಲಿನೊಳಗೇ ಬೆವೆತ.

"ಆ ಶಾಸ್ತ್ರ ಒಂದು ಬಿಟ್ಬಿಡಣ" ಎಂದ ಆಂಜಿನಮ್ಮನಿಗೆ.

"ಅಯ್ಯೋ, ಅರಿಶಿನ ಇಲ್ದೆ ಎಂಥಾ ಮದುವೆ ಗೌಡ್ರೇ!" ಅವಳು ಕೆನ್ನೆ ಬಡಿದುಕೊಂಡಳು. "ಊರಿಗೆಲ್ಲಾ ಹೇಳಾಯ್ತು. ಗೌಡ್ರ ಎದೆಗೆ ಮೊದ್ಲು ಯಾರು ಹಚ್ಚೋದು ಅಂತ ಬಾವಿ ಹತ್ರ ಈಗ್ಲೇ ಜಗಳ."

ಮರುದಿನ ಬೆಳಿಗ್ಗೆ ಗೌಡನ ಮನೆಯಿಂದ ಮಾತು ಹೋಯಿತು: ಜಾತಕ ಕೂಡಿಬರಲಿಲ್ಲ. ಮಾತು ಮುರಿದವನು ತಾನೇ ಆದ್ದರಿಂದ, ಹತ್ತು ಜನರೆದುರು ಹೊಲ ಬಿಡು ಎನ್ನುವ ಬಾಯಿಯೂ ಅವನಿಗೆ ಉಳಿಯಲಿಲ್ಲ. ಆಂಜಿನಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಳುತ್ತಿದ್ದಾಳೆಂದು ಊರು ಮರುಗಿತು.

ಅದಾದ ವಾರಕ್ಕೆ ಶಿಡ್ಲಘಟ್ಟದಿಂದ ಕೋಳಿ ಸಾಕಣೆಯ ಇನ್ಸ್‌ಪೆಕ್ಟರು ಸೈಕಲ್ ತುಳಿದುಕೊಂಡು ಬಂದು ಗೌಡನ ಜಗಲಿಯ ಮೇಲೆ ಕೂತ. ವೆಂಕಟರತ್ನಮ್ಮ ಮಜ್ಜಿಗೆ ತಂದುಕೊಟ್ಟಳು.

"ಆಂಜಿನಮ್ಮನ ಹುಂಜ ಎಲ್ಲಾ ನಿಮ್ಮನೇಗೇ ಬಂತಂತಲ್ಲ ಗೌಡ್ರೇ. ಮಾಂಸ ಬೆಣ್ಣೆ ಅಲ್ವಾ?" ಅವನಿಗೆ ತನ್ನ ಕೆಲಸದ ಹೆಮ್ಮೆ. "ಹೊಸ ಪ್ರಯೋಗ. ಹೆಣ್ಣಿನ ಹಾರ್ಮೋನು ಗುಳಿಗೇನ ಕತ್ತಿನ ಚರ್ಮದ ಕೆಳಗೆ ಸೇರಿಸ್ತೀವಿ. ಹುಂಜ ಕೂಗೋದ್ ಬಿಟ್ಟು ಕೊಬ್ಬುತ್ತೆ. ಕತ್ತನ್ನ ಮಾತ್ರ ಕುಯ್ದು ಹೂತ್ಬಿಡಿ, ನಾಯಿಗೂ ಹಾಕ್ಬೇಡಿ ಅಂತ ಎಲ್ರಿಗೂ ಹೇಳಿದ್ದೆ."

ನರಸಿಂಹಪ್ಪ ಶಾಲಿನ ಅಂಚು ಬಿಗಿಯಾಗಿ ಹಿಡಿದುಕೊಂಡ.

"ಆಯಮ್ಮ ಬಲು ಹುಷಾರು ಬಿಡಿ" ಎಂದು ಇನ್ಸ್‌ಪೆಕ್ಟರು ಲೋಟ ಕೆಳಗಿಟ್ಟ. "ಮೊದ್ಲು ಕೋಳಿನೇ ಬೇಡ ಅಂದ್ಲು, ಗಂಡಸರು ಆ ಕತ್ತು ತಿಂದ್ರೆ ಏನಾಗುತ್ತೆ, ಎಷ್ಟು ತಿಂದ್ರೆ ಆಗುತ್ತೆ ಅಂತ ಬಿಡಿಸಿ ಬಿಡಿಸಿ ಕೇಳ್ಕೊಂಡ್ಮೇಲೆ, ಇರೋ ಹುಂಜ ಎಲ್ಲಾ ನನಗೇ ಕೊಡಿ ಸ್ವಾಮಿ ಅಂದ್ಬಿಟ್ಲು!"