ತಿಥಿ ಊಟದ ಗಿರ್ಮಿಟ್

ತಂತ್ರಜ್ಞ ಈರಣ್ಣ ಒದ್ದೆ ಹತ್ತಿಯಿಂದ ಪ್ರೊಫೆಸರ್ ಶಾಲ್ಮಲಾ ಅವರ ಹಣೆ ಒರೆಸಿ, ತಂತಿಗಳ ಟೋಪಿ ತೊಡಿಸಿದ.

"ತಲಿ ಅಲಗಾಡಸಬ್ಯಾಡ್ರಿ ಮೇಡಮ್. ಸೋತ ಪ್ರಯೋಗದ ನೆನಪೆಲ್ಲಾ ತೊಳದು ಹೋಗ್ತಾವ, ಗೆದ್ದದ್ದಷ್ಟ ಉಳೀತದ. ಕುಲಪತಿಗಳೂ ಮಾಡಿಸ್ಕೊಂಡಾರ."

"ಅದಕ್ಕ ಅವರು ಯಾವಾಗ್ಲೂ ನಕ್ಕೋತ ಇರ್ತಾರೇನೋ?"

ಜೀವಮಾನದ ಸಾಧನೆಗೆ ವಿಶ್ವವಿದ್ಯಾಲಯ ಕೊಡುವ ಶಾಲು, ಹಾರದ ಜೊತೆ ಈ ಸೇವೆಯೂ ಸೇರಿತ್ತು. ಸೇತುವೆಯ ಬಿರುಕು ಮುಚ್ಚುವ ಬ್ಯಾಕ್ಟೀರಿಯಾ ಬೆಳೆಸಿದ್ದು ಶಾಲ್ಮಲಾ ಅವರ ಸಾಧನೆ.

ಅಳಿಯಲಿರುವ ನೆನಪುಗಳು ಪರದೆಯ ಮೇಲೆ ಒಂದೊಂದಾಗಿ ಹಾದುಹೋದವು. ಎಲ್ಲದರಲ್ಲೂ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಗೆಳೆಯ ದಿವಾಕರ ಹಂಚಿನಮನಿ ಇದ್ದ. ಸಿಮೆಂಟಿನೊಳಗೆ ಬ್ಯಾಕ್ಟೀರಿಯಾ ಸತ್ತಾಗಲೆಲ್ಲ ಅವನು ಊದುಬತ್ತಿ ಹಚ್ಚಿ, "ಬಾ, ತಿಥಿ ಊಟಾ ಮಾಡೂಣು" ಎಂದು ಮಂಡಕ್ಕಿ ಗಿರ್ಮಿಟ್‌ನ ಪೊಟ್ಟಣ ಬಿಚ್ಚುತ್ತಿದ್ದ. ಮೊದಲ ಬಿರುಕು ಮುಚ್ಚಿಕೊಳ್ಳುವ ಹೊತ್ತಿಗೆ ಅವನೇ ತೀರಿಕೊಂಡಿದ್ದ.

"ಗೆದ್ದ ನೆನಪಿನಾಗ ದಿವಾಕರ ಎಲ್ಲಿದಾನ, ಈರಣ್ಣಾ?"

ಈರಣ್ಣ ಹುಡುಕಿದ. ಮತ್ತೊಮ್ಮೆ ಹುಡುಕಿದ.

"ಇಲ್ಲರಿ ಮೇಡಮ್. ಸರ್ ಇದ್ದದ್ದೆಲ್ಲಾ ಸೋತದ್ದರಾಗನ ಅದ." ಅವನ ದನಿ ಮೆತ್ತಗಾಯಿತು. "ಆದ್ರ ತೊಳದ ಮ್ಯಾಲೆ ಅವರಿಲ್ಲ ಅನ್ನೂ ಸಂಕಟಾನೂ ನಿಮಗ ಇರೂದಿಲ್ಲ. ಗುಂಡಿ ಒತ್ತಲೇನ್ರಿ?"

ಶಾಲ್ಮಲಾ ಟೋಪಿ ಕಳಚಿ ಅವನ ಕೈಗಿಟ್ಟರು.

"ಬ್ಯಾಡ."